ಬೆಳಗ್ಗೆ ನಡೆದವರು ಮಧ್ಯಾಹ್ನ ನಡೆಯಲಾರರು: ಎಂ.ಎಸ್. ಜೊತೆ ಬಾಳುವವರ ಹಕ್ಕೊತ್ತಾಯ ಪತ್ರ

ಇವರಿಗೆ: ಮಾನ್ಯ ಜಿಲ್ಲಾಧಿಕಾರಿಗಳು, ಮಂಡ್ಯ, ಉಪವಿಭಾಗಾಧಿಕಾರಿಗಳು, ಪಾಂಡವಪುರ, ಜಿಲ್ಲಾ ಆರೋಗ್ಯಾಧಿಕಾರಿಗಳು, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ
ಮೂಲಕ: ತಹಶೀಲ್ದಾರರು, ಕೃಷ್ಣರಾಜಪೇಟೆ

ಮಾನ್ಯರೇ,

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂಬ ನರರೋಗದ ಜೊತೆ ಬಾಳುತ್ತಿರುವ ನಾವು ಮತ್ತು ನಮ್ಮ ಮನೆಯವರು ಈ ಪತ್ರ ಕೊಡುತ್ತಿದ್ದೇವೆ. ಮಿದುಳು, ಬೆನ್ನುಹುರಿಗಳ ನರಗಳ ಮೇಲಿರುವ ಮಯಲಿನ್ ಹೊದಿಕೆಯನ್ನು ದೇಹದ ರೋಗನಿರೋಧಕ ಶಕ್ತಿಯೇ ಕೆಡಿಸುವ ಕಾಯಿಲೆ ಇದು. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಲಕ್ವ ಅಲ್ಲ, ಗಾಳಿ ಸೋಕಿದ್ದಲ್ಲ, ಅಂಟುವುದಿಲ್ಲ.

2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ (2016) ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ನಮ್ಮದೂ ಒಂದು. ಹೆಸರು ಸೇರಿದೆ, ಅಷ್ಟೇ. ಬೆಳಗ್ಗೆ ಹೊಲದ ಬದುವಿನ ಮೇಲೆ ನಡೆದು ಬಂದವರು ಮಧ್ಯಾಹ್ನ ಹೊಸ್ತಿಲು ದಾಟಲು ಗೋಡೆ ಹಿಡಿಯುತ್ತೇವೆ. ಕಚೇರಿಗಳು ಮಾತ್ರ ಸದಾ ಒಂದೇ ತೆರನಾಗಿರುವ ಅಂಗವೈಕಲ್ಯವನ್ನಷ್ಟೇ ನಂಬುತ್ತವೆ. ನಮ್ಮ ದಿನ ಹೇಗೆ ಏರಿಳಿಯುತ್ತದೋ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂಬುದೇ ಇಲ್ಲಿರುವ ಎಲ್ಲ ಬೇಡಿಕೆಗಳ ತಿರುಳು.

1. ಪ್ರಮಾಣಪತ್ರಕ್ಕೆ ಹೋದಾಗ "ನಾಲ್ಕು ಹೆಜ್ಜೆ ನಡೆದು ತೋರಿಸಿ" ಅನ್ನುತ್ತಾರೆ. ನಾಲ್ಕು ಹೆಜ್ಜೆ ನಡೆಯುತ್ತೇವೆ. ನಾನೂರನೇ ಹೆಜ್ಜೆಗೆ ಪಾದ ಎಳೆಯುತ್ತದೆ, ಅದನ್ನು ನೋಡುವವರಿಲ್ಲ. ಬಹುಪಾಲು ಸೌಲಭ್ಯಗಳಿಗೆ ಶೇ 40ರ ಗೆರೆ ಇರುವುದರಿಂದ, ಆ ಐದು ನಿಮಿಷದಲ್ಲಿ ಬರೆದ ಅಂಕಿ ವರ್ಷಗಟ್ಟಲೆ ನಮ್ಮನ್ನು ಆಳುತ್ತದೆ. ಮೂರು ತಿಂಗಳಿಗೊಮ್ಮೆ ಪಾಂಡವಪುರದಲ್ಲಿ, ನರರೋಗ ತಜ್ಞರೊಬ್ಬರು ಕಡ್ಡಾಯವಾಗಿ ಇರುವ ತಪಾಸಣಾ ಶಿಬಿರ ನಡೆಸಿ. ಕಾಲಿನ ಬಲದ ಜೊತೆಗೆ ಕಣ್ಣು, ಮೂತ್ರದ ಹಿಡಿತ, ಸುಸ್ತು, ನೆನಪು ಇವನ್ನೂ ದಾಖಲಿಸಿ. ಎಂ.ಆರ್.ಐ. ಮತ್ತು ಹಳೆಯ ಡಿಸ್ಚಾರ್ಜ್ ಚೀಟಿಗಳನ್ನು ಓದಿ. ವಾಸಿಯಾಗದ ಕಾಯಿಲೆಗೆ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು, ವರ್ಷವರ್ಷ ಮರಳಿ ಬಾ ಎನ್ನುವುದನ್ನು ಬಿಡಿ.

2. ಬಿಸಿಲು. ಮೈಯ ಶಾಖ ಅರ್ಧ ಡಿಗ್ರಿ ಏರಿದರೂ ಕೆಟ್ಟ ನರಗಳಲ್ಲಿ ಸಂದೇಶ ಸಾಗುವುದು ತಡವರಿಸುತ್ತದೆ; ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಉಟ್‌ಹಾಫ್ ಮೈ ದಣಿದಾಗ ಹೀಗೆ ಕಣ್ಣು ಮಂಜಾಗುವುದನ್ನು 1890ರಲ್ಲೇ ಬರೆದಿಟ್ಟಿದ್ದಾನೆ. ಎಂ.ಆರ್.ಐ. ಬರುವ ಮುಂಚೆ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಈ ಕಾಯಿಲೆ ಪತ್ತೆ ಮಾಡುತ್ತಿದ್ದರಂತೆ. ನಮ್ಮೂರಲ್ಲಿ ಆ ಪರೀಕ್ಷೆ ಪ್ರತಿ ಹಬ್ಬಕ್ಕೂ ಎಣ್ಣೆಸ್ನಾನದ ಹಂಡೆ ನೀರಲ್ಲಿ ಪುಕ್ಕಟೆ ನಡೆಯುತ್ತದೆ. ಒಲೆ ಮುಂದೆ ಮುದ್ದೆ ತಿರುವುವವಳಿಗೂ, ಆಲೆಮನೆಯ ಕೊಪ್ಪರಿಗೆ ಪಕ್ಕ ನಿಲ್ಲುವವನಿಗೂ ಇದೇ ಗತಿ. ಶಾಖ ಇಳಿದರೆ ಮತ್ತೆ ಮೊದಲಿನಂತಾಗುತ್ತೇವೆ. ಹಾಗಾಗಿಯೇ "ನಾಟಕ" ಅನ್ನಿಸಿಕೊಳ್ಳುತ್ತೇವೆ.

ಆದ್ದರಿಂದ: ನಮಗೆ ಫ್ಯಾನು, ಕೂಲರು ಔಷಧಿಯ ಸಮ ಎಂದು ಒಪ್ಪಿಕೊಳ್ಳಿ. ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ ಹಿಂದಿನ ಬಳಕೆಯ ಸರಾಸರಿಗೆ ಮಿತಿ ಕಟ್ಟಲಾಗಿದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ವೈದ್ಯರ ಚೀಟಿ ತಂದ ಎಂ.ಎಸ್. ಮನೆಗಳಿಗೆ ಮಾರ್ಚ್‌ನಿಂದ ಮೇ ತನಕ ಆ ಮಿತಿ ಸಡಿಲಿಸುವಂತೆ ಸರ್ಕಾರಕ್ಕೆ ಶಿಫಾರಸು ಮಾಡಿ. ಕರೆಂಟು ತೆಗೆಯುವ ವೇಳೆಯನ್ನು ಚೆಸ್ಕಾಂ ಹಿಂದಿನ ದಿನವೇ ಮೊಬೈಲಿಗೆ ತಿಳಿಸಲಿ, ಏಕೆಂದರೆ ನಮ್ಮಲ್ಲಿ ಕೆಲವರ ಇಂಟರ್‌ಫೆರಾನ್ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಫ್ರಿಜ್ ಆರಿದರೆ ಸಾವಿರಾರು ರೂಪಾಯಿ ಹಾಳು. ಕಚೇರಿಗೆ ಬಂದ ನಮ್ಮನ್ನು ಬೆಳಗ್ಗೆ 11ರೊಳಗೆ ಕಳಿಸಿಕೊಡಿ.

3. ಇದನ್ನು ಬರೆಯಲು ನಾಚಿಕೆಯಿತ್ತು. ಬರೆಯದೆ ಇದ್ದಿದ್ದಕ್ಕೇ ಇಷ್ಟು ವರ್ಷ ಏನೂ ಆಗಲಿಲ್ಲ. ಎಂ.ಎಸ್. ಮೂತ್ರಕೋಶದ ನರಗಳನ್ನೂ ಮುಟ್ಟುತ್ತದೆ. ಬಂತು ಅಂದರೆ ತಡೆಯಲಾಗುವುದಿಲ್ಲ, ಇನ್ನು ಕೆಲವರಿಗೆ ಪೂರ್ತಿ ಖಾಲಿಯೇ ಆಗುವುದಿಲ್ಲ. ಅದಕ್ಕೆ ಹೆದರಿ ನಮ್ಮ ಹೆಂಗಸರು ಮದುವೆಗೆ, ಸಂತೆಗೆ ಹೋಗುವ ಹಿಂದಿನ ರಾತ್ರಿಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರು ಬಿಟ್ಟರೆ ಸೋಂಕು, ಸೋಂಕಿಗೆ ಜ್ವರ, ಜ್ವರಕ್ಕೆ ಕಾಲು ಸೋಲು.

ನಾಲ್ಕೂ ತಾಲ್ಲೂಕುಗಳ ಬಸ್ ನಿಲ್ದಾಣ, ತಾಲ್ಲೂಕು ಕಚೇರಿ, ಆಸ್ಪತ್ರೆ, ಮೇಲುಕೋಟೆಯಂಥ ಯಾತ್ರಾಸ್ಥಳಗಳಲ್ಲಿ ಕಮೋಡು, ಹಿಡಿಕಂಬಿ, ನೀರು ಇರುವ, ಬೀಗ ಹಾಕದ ಒಂದು ಶೌಚಾಲಯವಾದರೂ ಬೇಕು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವಷ್ಟು ಪುರುಸೊತ್ತು ಈ ಕಾಯಿಲೆ ಕೊಡುವುದಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದಲ್ಲಿ ಸರಿಪಡಿಸಬೇಕೆಂದು ಕಾಯ್ದೆಯ 45ನೇ ಕಲಂ ಹೇಳಿತ್ತು. 2017ರ ಜೂನ್‌ನ ನಿಯಮಗಳಿಂದ ಎಣಿಸಿದರೆ ಆ ಗಡುವು 2022ಕ್ಕೇ ಮುಗಿದಿದೆ. ಮನೆಯಲ್ಲಿ ಕಮೋಡು ಕೂರಿಸಲು ಪಂಚಾಯಿತಿಗಳು ಅಂಗವಿಕಲರಿಗೆಂದು ಮೀಸಲಿಡುವ ಶೇ 5ರ ಹಣ ಬಳಸಿ. ಕ್ಯಾತಿಟರ್ ಬೇಕಾದವರಿಗೆ ತಿಂಗಳಿಗೆ ಸಾಲುವಷ್ಟು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ, ಬಳಸುವ ಕ್ರಮವನ್ನು ಒಬ್ಬ ನರ್ಸ್ ಏಕಾಂತದಲ್ಲಿ ಕಲಿಸಲಿ.

4. ಕಾಲು ಸೆಟೆತಕ್ಕೆ ಬ್ಯಾಕ್ಲೋಫೆನ್, ನರದ ಉರಿಗೆ ಗ್ಯಾಬಾಪೆಂಟಿನ್, ಮೂತ್ರದ ಅವಸರಕ್ಕೆ ಸಾಲಿಫೆನಾಸಿನ್. ಈ ಮೂರು ಮಾತ್ರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ವರ್ಷವಿಡೀ ಇರಲಿ. ಬ್ಯಾಕ್ಲೋಫೆನ್ ಅನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎಂಬ ಮಾತಿನಲ್ಲಿ ಆ ಅಪಾಯ ಇದೆ ಎಂದು ಔಷಧಿ ಕೊಡುವವರಿಗೆ ತಿಳಿಸಿ.

5. ಹಳೆಯ ತೊಂದರೆ ಮತ್ತೆ ಎದ್ದಾಗ ಅದು ಕಾಯಿಲೆಯ ಹೊಸ ದಾಳಿಯೋ, ಜ್ವರ ಸೋಂಕಿನಿಂದ ಮೇಲೆದ್ದ ಹಳೆಯ ಗಾಯವೋ ಎಂದು ಮೊದಲು ನೋಡಬೇಕು. ಮೂತ್ರ ಪರೀಕ್ಷೆ ಮಾಡದೆ ಸ್ಟೀರಾಯ್ಡ್ ಏರಿಸಬಾರದು. ನಿಜವಾದ ದಾಳಿಯಾದರೆ ಮೀಥೈಲ್‌ಪ್ರೆಡ್ನಿಸೊಲೋನ್ 1 ಗ್ರಾಂನಂತೆ ಮೂರರಿಂದ ಐದು ದಿನ ಡ್ರಿಪ್ ಹಾಕುವುದು ರೂಢಿ. ಇದಕ್ಕಾಗಿ ಮೈಸೂರಿಗೋ ಬೆಂಗಳೂರಿಗೋ ಓಡಬೇಕೆ? ನಿಮ್ಹಾನ್ಸ್ ಅಥವಾ ಮಂಡ್ಯದ ಮಿಮ್ಸ್ ತಜ್ಞರ ಜೊತೆ ವಿಡಿಯೊದಲ್ಲಿ ಮಾತಾಡಿ, ತಾಲ್ಲೂಕು ಆಸ್ಪತ್ರೆಯಲ್ಲೇ ಹಾಕಲಿ. 2022ರ ಜನವರಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣದಲ್ಲಿ ಶುರುವಾದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ ಪಾರ್ಶ್ವವಾಯು, ಮೂರ್ಛೆ, ತಲೆನೋವು, ಮರೆವಿನ ಕಾಯಿಲೆಗಳ ಮೇಲೆ ಗಮನ ಇಟ್ಟಿದೆ. ನಮ್ಮನ್ನೂ ಅದರೊಳಗೆ ಸೇರಿಸಿ. ದಾಳಿ ತಡೆಯುವ ರಿಟುಕ್ಸಿಮ್ಯಾಬ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎಂ.ಎಸ್.ಗೆ ಅಗತ್ಯ ಔಷಧಿ ಎಂದು ಸಾರಿದೆ. ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲೇ, ಜಿಲ್ಲೆಯೊಳಗೇ ಸಿಗುವಂತಾಗಲಿ.

6. ಸಾರಿಗೆ ನಿಗಮದ ಅಂಗವಿಕಲರ ಪಾಸು ಊರಿನಿಂದ 100 ಕಿ.ಮೀ.ವರೆಗೆ ಮಾತ್ರ. ನಮ್ಮ ನಾಲ್ಕೂ ತಾಲ್ಲೂಕು ಕೇಂದ್ರಗಳಿಂದ ಬೆಂಗಳೂರು ಅದರಾಚೆಗಿದೆ, ಅಂದರೆ ನಿಮ್ಹಾನ್ಸ್ ಪಾಸಿನ ಹೊರಗಿದೆ. ಚಿಕಿತ್ಸೆಯ ಚೀಟಿ ತೋರಿಸಿದವರಿಗೆ ಈ ಮಿತಿ ಬೇಡ. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ, ಸಂತೋಷ, ಆದರೆ ಅದು ಎ.ಸಿ. ಬಸ್ಸಿಗಿಲ್ಲ, ಏಪ್ರಿಲ್‌ನಲ್ಲಿ ನಮಗೆ ಬೇಕಾದದ್ದು ಎ.ಸಿ. ಬಸ್ಸೇ. ರೈಲ್ವೆಯ ರೋಗಿಗಳ ರಿಯಾಯಿತಿ ಪಟ್ಟಿಗೆ ಎಂ.ಎಸ್. ಸೇರಿಸಲು ಸಂಸದರ ಮೂಲಕ ಬರೆಯಿರಿ.

7. ದುಡಿಮೆಯಲ್ಲಿರುವಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ ಎನ್ನುತ್ತದೆ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ. ಶಾಲೆಯ ಮೇಷ್ಟರಿಗೆ ಆ ಆಸರೆ ಉಂಟು. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಗೆ, ಅತಿಥಿ ಶಿಕ್ಷಕಿಗೆ, ಕಬ್ಬು ಕಡಿಯುವವನಿಗೆ ಏನುಂಟು? ಕೂರಲು ಕುರ್ಚಿ, ಕೇಳದೆ ಶೌಚಾಲಯಕ್ಕೆ ಹೋಗುವ ಅನುಮತಿ, ಮಧ್ಯಾಹ್ನ ಅರ್ಧ ಗಂಟೆ ವಿರಾಮ. ಇಷ್ಟನ್ನು ಕಾರ್ಮಿಕ ಇಲಾಖೆ ಕಾರ್ಖಾನೆಗಳಿಗೆ ಲಿಖಿತವಾಗಿ ತಿಳಿಸಲಿ. ಸರ್ಕಾರಿ ಹುದ್ದೆಗಳ ಮೀಸಲಾತಿ ಹೇಳುವ 34ನೇ ಕಲಮಿನಲ್ಲಿ ನಮ್ಮ ಕಾಯಿಲೆಯ ಹೆಸರೇ ಇಲ್ಲ; ಅದನ್ನು ಸೇರಿಸಲು ಒತ್ತಾಯಿಸುತ್ತೇವೆ.

8. ಒಂದು ಕಣ್ಣು ನೋಯುತ್ತಾ ಮಂಜಾದರೆ, ಸೊಂಟದ ಕೆಳಗೆ ಜೋಮು ದಿನಗಟ್ಟಲೆ ಇಳಿಯದಿದ್ದರೆ, ಅಂಥ ಹರೆಯದವರನ್ನು ನರರೋಗ ತಜ್ಞರ ಬಳಿ ಕಳಿಸಬೇಕೆಂದು ಆಶಾ ಕಾರ್ಯಕರ್ತೆಯರಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ತರಬೇತಿ ಕೊಡಿ. ಎಂ.ಎಸ್. ಇದ್ದವರು ಬಸುರಿಯಾಗಬಹುದು, ಹೆರಬಹುದು. ಬಸುರಿನ ಕೊನೆಯ ತಿಂಗಳುಗಳಲ್ಲಿ ದಾಳಿ ಕಡಿಮೆ, ಹೆರಿಗೆಯಾದ ಮೊದಲ ಮೂರು ತಿಂಗಳು ಹೆಚ್ಚು. ಆಶಾ ಕಾರ್ಯಕರ್ತೆಯರು ಬಾಣಂತಿಯ ಮೇಲೆ ಆಗ ಕಣ್ಣಿಡಲಿ.

9. ಎಂ.ಎಸ್. ಸೇರಿ ಕೆಲವು ಕಾಯಿಲೆಗಳವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ ಘೋಷಿಸಿದೆ. ನಾಲ್ಕು ತಾಲ್ಲೂಕುಗಳಲ್ಲಿ ಯಾರ್‍ಯಾರಿಗೆ ತಲುಪಿದೆ ಎಂಬ ಲೆಕ್ಕವನ್ನು ನಮಗೆ ಕೊಡಿ.

ಈ ಪತ್ರಕ್ಕೆ 30 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಅಕ್ಷರ ದಪ್ಪಗಿರಲಿ, ಕಣ್ಣು ಮಂಜಾದವರೂ ಓದಬೇಕು. ಸಭೆ ಕರೆಯುವುದಾದರೆ ಬೆಳಗ್ಗೆ 9 ಗಂಟೆಗೆ, ನೆಲಮಹಡಿಯಲ್ಲಿ, ಫ್ಯಾನು ತಿರುಗುವ, ಶೌಚಾಲಯ ಪಕ್ಕದಲ್ಲಿರುವ ಕೋಣೆಯಲ್ಲಿ ಕರೆಯಿರಿ. ನಾವು ಬರುತ್ತೇವೆ. ಆ ದಿನ ಯಾರಾದರೂ ಬರಲಾಗದಿದ್ದರೆ ಅವರ ಮಾತನ್ನು ಫೋನಿನಲ್ಲಿ ಕೇಳಿ, ಗೈರುಹಾಜರಿ ಎಂದು ಬರೆಯಬೇಡಿ.