ಕೊನೆಯ ಹಳ್ಳಿಯ ಬಸ್ಸು ಯಾರ ಹೊಣೆ?

ಮಲೆನಾಡಿನಲ್ಲಿ ಬಸ್ಸೆಂಬುದು ಕೇವಲ ಜನರನ್ನು ಸಾಗಿಸುವ ವಾಹನವಾಗಿ ಎಂದೂ ಇರಲಿಲ್ಲ. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ಕೇರಿ ಎಂಬಂತೆ ಚದುರಿದ ನಮ್ಮ ಹಳ್ಳಿಗಳಿಗೆ ಬೆಳಗಿನ ಬಸ್ಸೇ ಗಡಿಯಾರ. ದಿನಪತ್ರಿಕೆಯ ಕಟ್ಟು, ಔಷಧದ ಪೊಟ್ಟಣ, ಪೇಟೆಯಲ್ಲಿ ಓದುವ ಮಗನಿಗೆ ತಾಯಿ ಕಳುಹಿಸುವ ಬುತ್ತಿ, ಇವೆಲ್ಲವೂ ಅದರಲ್ಲೇ ಹೋಗಬೇಕು, ಅದರಲ್ಲೇ ಬರಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿ ಸೀಮೆಯ ಜನರಿಗೆ ಸುಮಾರು ಮೂರು ದಶಕಗಳ ಕಾಲ ಆ ಬಸ್ಸಿನ ಹೆಸರು ‘ಸಹಕಾರ ಸಾರಿಗೆ’. 2020ರ ಫೆಬ್ರವರಿಯಲ್ಲಿ ಅದು ನಿಂತುಹೋಯಿತು.

ಒಂದು ಬಸ್ ಸಂಸ್ಥೆ ಮುಚ್ಚಿದ್ದು ಪರಿಸರದ ಪತ್ರಿಕೆಗೆ ವಿಷಯವಾಗಬೇಕೇ ಎಂದು ಕೆಲವರಾದರೂ ಕೇಳಿಯಾರು. ಆಗಲೇಬೇಕು ಎಂಬುದು ನಮ್ಮ ನಿಲುವು. ಕಾಡು, ಹೊಳೆ, ಗುಡ್ಡಗಳ ಉಳಿವು ಮತ್ತು ಅವುಗಳ ನಡುವೆ ಬದುಕುವ ಜನರ ಓಡಾಟದ ರೀತಿ, ಇವೆರಡನ್ನೂ ಬೇರೆಬೇರೆಯಾಗಿ ನೋಡಲು ಬರುವುದಿಲ್ಲ.

ಹಿನ್ನೆಲೆಯನ್ನು ಎಳೆಯ ಓದುಗರಿಗಾಗಿ ನೆನಪಿಸುವುದು ಉಚಿತ. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಸರ್ಕಾರವೇ ಬಸ್ಸು ಓಡಿಸಲು ತೊಡಗಿತು. 1961ರಲ್ಲಿ ಅದು ರಾಜ್ಯ ರಸ್ತೆ ಸಾರಿಗೆ ನಿಗಮವಾಯಿತು. ಆದರೆ ಬಯಲುಸೀಮೆಯಲ್ಲಿ ಆದಷ್ಟು ವ್ಯಾಪಕವಾಗಿ ರಾಷ್ಟ್ರೀಕರಣವು ಘಟ್ಟ ಹತ್ತಲಿಲ್ಲ. ಮಲೆನಾಡು ಮತ್ತು ಕರಾವಳಿಯ ಸಂಚಾರ ಬಹುಮಟ್ಟಿಗೆ ಖಾಸಗಿ ಕಂಪನಿಗಳ ಕೈಯಲ್ಲೇ ಉಳಿಯಿತು. ಅಂಥವುಗಳಲ್ಲೊಂದಾದ ಶಂಕರ್ ಕಂಪನಿ ಕಾರ್ಮಿಕ ವಿವಾದದ ಬಳಿಕ ನಿಂತಾಗ, ಅದರ ನೌಕರರು ಬೇರೆ ಯಜಮಾನನನ್ನು ಹುಡುಕಿಕೊಂಡು ಹೋಗಲಿಲ್ಲ. 1991ರಲ್ಲಿ ಕೊಪ್ಪವನ್ನು ಕೇಂದ್ರವಾಗಿಸಿಕೊಂಡು ತಮ್ಮದೇ ಸಹಕಾರ ಸಂಘವನ್ನು ಕಟ್ಟಿದರು. ಆರು ಬಸ್ಸುಗಳಿಂದ ಆರಂಭವಾದ ಆ ಪ್ರಯತ್ನವು ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳವರೆಗೆ, ಸುಮಾರು ಮುನ್ನೂರು ನೌಕರರವರೆಗೆ ಬೆಳೆಯಿತು.

ಇದರ ವಿಶೇಷವೆಂದರೆ ಚಕ್ರ ಹಿಡಿದ ಚಾಲಕ, ಚೀಟಿ ಹರಿದ ನಿರ್ವಾಹಕ, ಎಣ್ಣೆಗೈಯ ಮೆಕ್ಯಾನಿಕ್ ಇವರೇ ಸಂಸ್ಥೆಯ ಒಡೆಯರಾಗಿದ್ದರು. ಸಹಕಾರ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಬೇರೂರಿದ್ದು ಅದು. ಅಡಿಕೆ ಬೆಳೆಗಾರರನ್ನು ದಲ್ಲಾಳಿಗಳ ಹಿಡಿತದಿಂದ ಬಿಡಿಸಲು 1923ರಲ್ಲಿ ಶಿರಸಿಯ ತೋಟಗಾರರೂ, 1973ರಲ್ಲಿ ಕ್ಯಾಂಪ್ಕೊ ಕಟ್ಟಿದವರೂ ನೆಚ್ಚಿದ್ದು ಅದನ್ನೇ. ಆದರೆ ಅಲ್ಲೆಲ್ಲ ಸಂಘಟಿತರಾದವರು ಹಿಡುವಳಿಯುಳ್ಳವರು. ಕೊಪ್ಪದಲ್ಲಿ ಸಂಘಟಿತರಾದವರಿಗೆ ದುಡಿಮೆಯೇ ಬಂಡವಾಳವಾಗಿತ್ತು. ಆ ಕಾರಣದಿಂದಲೇ ಇದು ಹೆಚ್ಚಿನ ಸಾಹಸ.

ಒಡೆತನ ಬದಲಾದರೆ ಬಸ್ಸು ಹೋಗುವ ದಾರಿಯೂ ಬದಲಾಗುತ್ತದೆಯೆಂಬುದಕ್ಕೆ ಸಹಕಾರ ಸಾರಿಗೆಯೇ ಸಾಕ್ಷಿ. ಲಾಭವನ್ನಷ್ಟೇ ನೋಡುವವನು ಪೇಟೆಯಿಂದ ಪೇಟೆಗೆ ಓಡಿಸಿ ಸುಮ್ಮನಾಗುತ್ತಾನೆ. ಆ ಊರಿನಲ್ಲೇ ಮನೆಯಿದ್ದು, ಆ ಊರಿನ ಶಾಲೆಗೇ ಮಕ್ಕಳನ್ನು ಕಳುಹಿಸುವ ನೌಕರನಿಗೆ ಒಳದಾರಿಯ ಕೊನೆಯ ನಿಲ್ದಾಣದಲ್ಲಿ ಕಾಯುವವರು ಯಾರೆಂಬುದು ಗೊತ್ತಿರುತ್ತದೆ. ಮುಖ್ಯಮಾರ್ಗದಲ್ಲಿ ಉಳಿದ ಹಣವನ್ನು ಒಳದಾರಿಯ ನಷ್ಟಕ್ಕೆ ತುಂಬುವುದು, ವಿದ್ಯಾರ್ಥಿಗಳಿಗೆ ರಿಯಾಯಿತಿ ದರದ ಪಾಸು ಕೊಡುವುದು, ಹೀಗೆ ಸಾಗಿತ್ತು ಅದರ ನಡೆ. ಈ ಸೀಮೆಯ ಎಷ್ಟೋ ಹೆಣ್ಣುಮಕ್ಕಳು ಹತ್ತನೆಯ ತರಗತಿಯ ಆಚೆಗೆ ಓದಲು ಸಾಧ್ಯವಾದದ್ದರಲ್ಲಿ ಅಂಥ ಪಾಸಿನ ಪಾಲೂ ಇದೆ.

ಹಾಗಿದ್ದ ಮೇಲೆ ಅದು ಸೋತದ್ದೇಕೆ? ‘ಸಹಕಾರವೆಂದರೆ ಯಾರದೂ ಅಲ್ಲದ ಮನೆ, ಸೋಲದೆ ಇನ್ನೇನು’ ಎಂದು ಮೂಗು ಮುರಿಯುವವರಿದ್ದಾರೆ. ಇಪ್ಪತ್ತೆಂಟು ವರ್ಷಕ್ಕೂ ಮಿಕ್ಕಿ ಘಟ್ಟದ ಮಳೆಯಲ್ಲಿ ಬಸ್ಸು ಓಡಿಸಿದವರಿಗೆ ನಡೆಸುವುದು ತಿಳಿದಿರಲಿಲ್ಲವೆಂದರೆ ನಂಬುವುದು ಕಷ್ಟ. ಲೆಕ್ಕವನ್ನು ನೋಡೋಣ. ಏರು, ತಿರುವು, ಹೊಂಡಗಳ ದಾರಿಯಲ್ಲಿ ಬಸ್ಸು ಬಯಲಿಗಿಂತ ಹೆಚ್ಚು ಡೀಸೆಲ್ ಕುಡಿಯುತ್ತದೆ. ಟೈರು, ಬ್ರೇಕು, ಸ್ಪ್ರಿಂಗುಗಳು ಬೇಗ ಸವೆಯುತ್ತವೆ. ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ಹಿಡಿತ 2014ರ ಅಕ್ಟೋಬರಿನಲ್ಲಿ ಸಡಿಲಿತು. 2017ರ ಜೂನ್‌ನಿಂದ ದರವು ದಿನಂಪ್ರತಿ ಬದಲಾಗತೊಡಗಿತು. ಆದರೆ ಪ್ರಯಾಣದರವನ್ನು ನಿಗದಿಪಡಿಸುವುದು ಸರ್ಕಾರ. ಖರ್ಚು ದಿನಕ್ಕೊಮ್ಮೆ ಏರಬಹುದು, ಆದಾಯ ಮಾತ್ರ ಸರ್ಕಾರದ ಆದೇಶಕ್ಕೆ ವರ್ಷಗಟ್ಟಲೆ ಕಾಯಬೇಕು. ರಸ್ತೆ ತೆರಿಗೆಯನ್ನು ಲೆಕ್ಕ ಹಾಕುವುದು ಆಸನದ ಮೇಲೆ; ಆಸನದಲ್ಲಿ ಜನರಿದ್ದರೋ ಇಲ್ಲವೋ ಎಂಬುದು ತೆರಿಗೆಗೆ ಬೇಡದ ಮಾತು. ವಿಮೆಯ ಕಂತೂ ಹಾಗೆಯೇ.

ಇದರ ಮೇಲೆ ಎರಡು ಪೆಟ್ಟು. ಜನ ದಟ್ಟವಾಗಿರುವ ಮಾರ್ಗಗಳಲ್ಲಿ ನಿಗಮದ ಬಸ್ಸುಗಳೂ ಇತರ ಖಾಸಗಿ ಬಸ್ಸುಗಳೂ ಪೈಪೋಟಿಗೆ ಬಂದವು. ಒಳದಾರಿಯ ನಷ್ಟ ತುಂಬುತ್ತಿದ್ದ ಒರತೆಯೇ ಬತ್ತಿತು. ಇನ್ನೊಂದೆಡೆ ಒಳದಾರಿಯ ಪ್ರಯಾಣಿಕನು ಸಾಲ ಮಾಡಿ ದ್ವಿಚಕ್ರ ವಾಹನ ಕೊಂಡನು. ವಿದ್ಯಾರ್ಥಿ, ವೃದ್ಧ, ಕೂಲಿಯ ಹೆಣ್ಣುಮಗಳು ಮಾತ್ರ ಬಸ್ಸಿನಲ್ಲಿ ಉಳಿದರು. ನಿಗಮವು ಕೊಡುವ ವಿದ್ಯಾರ್ಥಿ ಪಾಸಿನ ವೆಚ್ಚದಲ್ಲಿ ಒಂದು ಪಾಲನ್ನು ಸರ್ಕಾರ ಭರಿಸುತ್ತದೆ. ನೌಕರರ ಸಂಘ ಕೊಟ್ಟ ರಿಯಾಯಿತಿಯ ಭಾರವನ್ನು ನೌಕರರೇ ಹೊರಬೇಕಾಯಿತು. ಅದು ಬಾಗಿಲು ಹಾಕಿದ ತಿಂಗಳ ಕೊನೆಯಲ್ಲೇ ನಿಗಮದ ಬಸ್ಸುಗಳ ದರವು ಶೇಕಡಾ 12ರಷ್ಟು ಏರಿತೆಂಬುದು ಕಹಿಯಾದ ಸಂಗತಿ. ಸರ್ಕಾರಿ ಬಸ್ಸಿಗೂ ಹಳೆಯ ದರ ಸಾಲದೆಂದು ಸರ್ಕಾರವೇ ಒಪ್ಪಿದಂತಾಯಿತು. ಒಪ್ಪುವ ಹೊತ್ತಿಗೆ ಸಹಕಾರ ಸಾರಿಗೆ ಇರಲಿಲ್ಲ. ಮರುತಿಂಗಳು ಮಹಾಮಾರಿಯ ದಿಗ್ಬಂಧನ ಬಂದು, ಉಳಿದ ಬಸ್ಸುಗಳೂ ನಿಂತವು.

ಈಗ ಪರಿಸರದ ಮಾತಿಗೆ ಬರೋಣ. ಐವತ್ತು ಜನರನ್ನು ಹೊತ್ತ ಒಂದು ಬಸ್ಸು ನಿಂತರೆ ಆ ಐವತ್ತು ಜನ ಮನೆಯಲ್ಲಿ ಕೂರುವುದಿಲ್ಲ. ಇಪ್ಪತ್ತೈದು ಬೈಕು, ಹತ್ತು ಕಾರು, ನಾಲ್ಕು ಜೀಪು ರಸ್ತೆಗಿಳಿಯುತ್ತವೆ. ವಾಹನ ಹೆಚ್ಚಿತೆಂದು ರಸ್ತೆ ಅಗಲವಾಗಬೇಕೆಂಬ ಕೂಗು ಏಳುತ್ತದೆ. ಅಗಲಿಸಲು ಸಾಲುಮರ ಉರುಳುತ್ತವೆ, ಗುಡ್ಡದ ಬುಡವನ್ನು ನೆಟ್ಟಗೆ ಕಡಿಯಲಾಗುತ್ತದೆ. ಬುಡ ಕಡಿದ ಗುಡ್ಡ ಮಳೆಗಾಲದಲ್ಲಿ ಏನು ಮಾಡುತ್ತದೆಂಬುದನ್ನು ಮಲೆನಾಡಿಗರಿಗೆ ಬೇರೆಯವರು ಹೇಳಬೇಕಾಗಿಲ್ಲ. 2018ರಲ್ಲಿ ಕೊಡಗನ್ನೂ ಶಿರಾಡಿಯನ್ನೂ, 2019ರಲ್ಲಿ ಚಾರ್ಮಾಡಿಯನ್ನೂ ಕಂಡಿದ್ದೇವೆ. ಆದುದರಿಂದ ರಸ್ತೆ ಅಗಲೀಕರಣವನ್ನು ವಿರೋಧಿಸುವ ನಾವು ಬಸ್ಸಿಗಾಗಿ ದನಿ ಎತ್ತದಿದ್ದರೆ ನಮ್ಮ ಮಾತು ಅರ್ಧವೇ ಆದೀತು. ಬಸ್ಸಿಲ್ಲದ ಹಳ್ಳಿಯವನಿಗೆ ‘ರಸ್ತೆ ಬೇಡ’ ಎನ್ನುವ ಅಧಿಕಾರ ನಮಗೆಲ್ಲಿಯದು?

ನ್ಯಾಯದ ಪ್ರಶ್ನೆಯೂ ಇಲ್ಲಿದೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ನಾವು ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಯೋಜನೆ ಅನ್ವಯಿಸುವುದು ಸರ್ಕಾರಿ ಬಸ್ಸಿಗೆ ಮಾತ್ರ. ಸರ್ಕಾರಿ ಬಸ್ಸೇ ಬಾರದ ಊರಿನ ಹೆಣ್ಣುಮಗಳು ತನ್ನ ಕೂಲಿಯಲ್ಲಿ ಒಂದು ಪಾಲನ್ನು ಇಂದಿಗೂ ಖಾಸಗಿ ಬಸ್ಸಿಗೋ ಆಟೋರಿಕ್ಷಾಕ್ಕೋ ಕೊಡುತ್ತಿದ್ದಾಳೆ. ಬಯಲಿನ ಸೋದರಿಗೆ ಹಕ್ಕಾದದ್ದು ಗುಡ್ಡದ ಸೋದರಿಗೆ ಏಕಿಲ್ಲ?

ಹಣವಿಲ್ಲವೆಂಬ ಉತ್ತರ ಬರಬಹುದು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ‘ಉಡಾನ್’ ಯೋಜನೆಯ ಮಾರ್ಗಗಳಲ್ಲಿ ವಿಮಾನದ ನಿಗದಿತ ಆಸನಗಳಿಗೆ ದರದ ಮಿತಿ ಹಾಕಿ, ಕಂಪನಿಗೆ ಬೀಳುವ ಕೊರತೆಯನ್ನು ಸಾರ್ವಜನಿಕ ಹಣದಿಂದ ತುಂಬಿಕೊಡುವ ಕ್ರಮವಿದೆ. ಆಕಾಶದ ಆಸನಕ್ಕೆ ಸಲ್ಲುವ ಈ ನ್ಯಾಯ ಮಣ್ಣುದಾರಿಯ ಆಸನಕ್ಕೂ ಸಲ್ಲಬೇಡವೇ? ಒಂದು ಘಟ್ಟದ ರಸ್ತೆಯನ್ನು ಅಗಲಿಸಲು ಸುರಿಯುವ ಹಣದ ಅಲ್ಪಭಾಗದಲ್ಲಿ ಎಷ್ಟೋ ಒಳದಾರಿಯ ಬಸ್ಸುಗಳು ವರ್ಷಗಟ್ಟಲೆ ಓಡಿಯಾವು.

ಆದ್ದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ನಿಗಮದ ಬಸ್ಸಿಲ್ಲದ ಒಳದಾರಿಗಳನ್ನು ಪಂಚಾಯಿತಿವಾರು ಗುರುತಿಸಬೇಕು. ಅಲ್ಲಿ ನಿಗಮವೇ ಬಸ್ಸು ಓಡಿಸಬೇಕು. ಓಡಿಸಲಾಗದಿದ್ದರೆ ಓಡಿಸಲು ಸಿದ್ಧವಿರುವ ಸಹಕಾರ ಸಂಘಕ್ಕೆ ಕಿಲೋಮೀಟರಿನ ಲೆಕ್ಕದಲ್ಲಿ ಕೊರತೆಯನ್ನು ತುಂಬಿಕೊಡಬೇಕು. ಅಂಥ ಬಸ್ಸಿಗೆ ಆಸನ ತೆರಿಗೆಯಿಂದ ವಿನಾಯಿತಿ ಇರಬೇಕು. ವಿದ್ಯಾರ್ಥಿ ಪಾಸಿನ ಮತ್ತು ಮಹಿಳೆಯರ ಉಚಿತ ಪ್ರಯಾಣದ ವೆಚ್ಚವನ್ನು ಯಾವ ಬಸ್ಸೆಂದು ನೋಡದೆ ಸರ್ಕಾರ ಭರಿಸಬೇಕು. ಇದಕ್ಕೆ ಪ್ರತಿಯಾಗಿ ಸಂಘವು ತನ್ನ ಲೆಕ್ಕಪತ್ರವನ್ನು ಗ್ರಾಮಸಭೆಯ ಮುಂದಿಡಬೇಕು. ಮಳೆಯಿರಲಿ, ಜನ ಕಡಿಮೆಯಿರಲಿ, ಹೇಳಿದ ವೇಳೆಗೆ ಬಸ್ಸು ಬರಬೇಕು.

ಹೊಣೆ ಸರ್ಕಾರದ್ದು ಮಾತ್ರವೂ ಅಲ್ಲ. ಅಂಗಳದಲ್ಲಿ ಬೈಕು ನಿಂತ ದಿನದಿಂದ ನಮ್ಮಲ್ಲಿ ಬಹುಮಂದಿ ಬಸ್ಸಿಗೆ ಕೈ ಅಡ್ಡ ಹಿಡಿದಿಲ್ಲ; ಅದು ನಿಂತಾಗ ಮಾತ್ರ ‘ಛೇ, ಪಾಪ’ ಎಂದೆವು. ಕಾಡಿನ ವಿಷಯದಲ್ಲೂ ನಾವು ಮಾಡುವ ತಪ್ಪು ಇದೇ ಅಲ್ಲವೇ? ಬರುವ ಗ್ರಾಮಸಭೆಯಲ್ಲಿ ಚರಂಡಿ, ಕಾಲುಸಂಕಗಳ ಜೊತೆಗೆ ನಿಮ್ಮೂರ ಬಸ್ಸಿನ ಪ್ರಶ್ನೆಯನ್ನೂ ಎತ್ತಿ, ನಿರ್ಣಯ ಬರೆಯಿಸಿ. ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಹತ್ತು ವರ್ಷದ ಹಿಂದೆ ದಿನಕ್ಕೆ ಎಷ್ಟು ಬಸ್ಸು ಬರುತ್ತಿತ್ತು, ಇಂದು ಎಷ್ಟು ಬರುತ್ತಿದೆ ಎಂಬುದನ್ನು ಹಿರಿಯರಿಂದ ಕೇಳಿ ದಾಖಲಿಸಲಿ. ಆ ಪಟ್ಟಿಯೇ ನಮ್ಮ ಅಹವಾಲಿನ ಮೊದಲ ಪುಟವಾಗಲಿ.

ಕೈಯಲ್ಲಿ ಆರು ಬಸ್ಸು ಮಾತ್ರವಿದ್ದಾಗ ಮುನ್ನಡೆದ ಕಾರ್ಮಿಕರು ಈ ಸೀಮೆಯವರೇ. ಅವರು ಸೋತರೆನ್ನುವ ಬದಲು, ನಾವು ಅವರ ಜೊತೆಗೆ ನಿಲ್ಲಲಿಲ್ಲವೆಂದು ಹೇಳುವುದು ಹೆಚ್ಚು ಪ್ರಾಮಾಣಿಕವಾದೀತು.