ಮದ್ದು ಬಿಟ್ಟಾಯಿತು, ಪಂಪು ತೊಳೆಯುವವರು ಯಾರು?

ಪತ್ತನಾಜೆ ಕಳೆದು ಮೋಡ ಕಟ್ಟಿತೆಂದರೆ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಒಂದೇ ಸದ್ದು, ಮದ್ದು ಬಿಡುವ ಪಂಪಿನದ್ದು. ಮದ್ದು ಬಿಡುವವರು ಸಿಕ್ಕಿದರೆ ಪುಣ್ಯ, ಮಳೆ ಎರಡು ದಿನ ಬಿಡುವು ಕೊಟ್ಟರೆ ಇನ್ನೊಂದು ಪುಣ್ಯ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕ ನಮ್ಮಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಪಾಕ ಸರಿಯಾಗಿದೆಯೇ ಎಂದು ಕತ್ತಿಯ ಅಲಗು ಅದ್ದಿ ನೋಡುವುದೂ ಗೊತ್ತು. ಅಲಗಿಗೆ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು.

ಸಂಜೆ ಕೊನೆಯ ಡ್ರಮ್ಮು ಖಾಲಿಯಾದ ಮೇಲೆ ಆ ಪಂಪನ್ನು ಯಾರು ತೊಳೆಯುತ್ತಾರೆ, ಎಲ್ಲಿ ತೊಳೆಯುತ್ತಾರೆ, ಆ ನೀರು ಎಲ್ಲಿಗೆ ಹೋಗುತ್ತದೆ? ಇದರ ಬಗ್ಗೆ ಮಾತ್ರ ಯಾವ ತೋಟದಲ್ಲೂ ಮಾತು ಕೇಳುವುದಿಲ್ಲ.

ನಾವು ಕಂಡದ್ದನ್ನು ಹೇಳುತ್ತೇವೆ, ನೀವೂ ಕಂಡಿರುತ್ತೀರಿ. ನಳಿಗೆಯ ತುದಿಯಲ್ಲಿ ಸುಣ್ಣದ ಗಸಿ ಕಟ್ಟಿದರೆ ನೋಝಲ್ ಬಿಚ್ಚಿ ಬಾಯಿಗಿಟ್ಟು ಊದುವುದು. ಪಂಪನ್ನು ತೋಡಿಗೆ ಇಳಿಸಿ ಅಲ್ಲೇ ನೀರೆಳೆಸಿ ಅಲ್ಲೇ ಬಿಡುವುದು. ಮುಖಕ್ಕೆ ಕಟ್ಟಿದ ಬೈರಾಸನ್ನು ಬಿಚ್ಚಿ ಅದರಲ್ಲೇ ಬೆವರು ಒರೆಸಿಕೊಂಡು ಚಾ ಕುಡಿಯುವುದು. ಆ ಬೈರಾಸು, ಅಂಗಿ, ಲುಂಗಿ ಎಲ್ಲ ಮರುದಿನ ಮನೆಯ ಒಗೆಯುವ ಕಲ್ಲಿಗೆ ಬರುತ್ತವೆ. ಮಕ್ಕಳ ಯೂನಿಫಾರಂ ಜೊತೆ ಅದನ್ನೂ ನೆನೆಹಾಕುವ ಅಮ್ಮನೋ ಅತ್ತಿಗೆಯೋ ತೋಟದ ಯಾವ ಲೆಕ್ಕದಲ್ಲೂ ಇಲ್ಲ. ಮದ್ದು ಮುಟ್ಟಿದವರ ಪಟ್ಟಿ ಮಾಡಿದರೆ ಅವರ ಹೆಸರೂ ಬರಬೇಕು.

“ನಾವು ಐವತ್ತು ವರ್ಷದಿಂದ ಮದ್ದು ಬಿಡುತ್ತಿದ್ದೇವೆ, ಏನಾಗಿದೆ?” ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಹೊತ್ತಿಗೆ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಸುತ್ತಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೇಳಿಕೊಟ್ಟರು. ಅಂದಿನಿಂದ ಅದು ನಮ್ಮ ಮನೆಯ ಮದ್ದು. ಅದೂ ಕಣ್ಣಿಗೆ ಬಿದ್ದರೆ ಅಪಾಯವೇ, ಸುಣ್ಣ ಸುಡುತ್ತದೆ, ತಾಮ್ರ ಮೀನಿಗೆ ಆಗುವುದಿಲ್ಲ. ಆದರೆ ಅದಕ್ಕೊಂದು ಗುಣವಿದೆ. ಅದು ಕಾಣುತ್ತದೆ. ಕೈಯಲ್ಲಿ, ಅಂಗಿಯಲ್ಲಿ, ಪಂಪಿನ ಮೈಯಲ್ಲಿ ನೀಲಿ ಕಲೆ ಇದ್ದರೆ ತೊಳೆದದ್ದು ಸಾಲದು ಎಂದು ಯಾರೂ ಹೇಳಬೇಕಾಗಿಲ್ಲ.

ಈಗ ಹಾಗಲ್ಲ. ಸುಳ್ಯದ ಬೆಟ್ಟದ ಬದಿಯ ಊರುಗಳಲ್ಲಿ ಎಲೆಚುಕ್ಕಿ ರೋಗ ಜೋರಾದ ಮೇಲೆ ಪ್ರೊಪಿಕೊನಜೋಲ್, ಹೆಕ್ಸಕೊನಜೋಲ್ ಎಂಬ ಹೆಸರುಗಳು ನಮ್ಮ ಬಾಯಿಗೂ ಬಂದಿವೆ. ಲೀಟರಿಗೆ ಮಿಲ್ಲಿಲೀಟರ್ ಲೆಕ್ಕದಲ್ಲಿ ಹಾಕುವ ಮದ್ದು. ಅಂಗಿಯಲ್ಲಿ ಒಣಗಿದರೆ ಕಲೆ ಕಾಣುವುದಿಲ್ಲ. ಪಂಪು ಅದೇ, ಪೈಪು ಅದೇ, ತೋಡಿನಲ್ಲಿ ತೊಳೆಯುವ ಅಭ್ಯಾಸವೂ ಅದೇ. ಹಳೆಯ ಮದ್ದಿನ ಧೈರ್ಯದಲ್ಲಿ ಹೊಸ ಮದ್ದನ್ನು ಮುಟ್ಟುತ್ತಿದ್ದೇವೆ ಎಂಬುದೇ ನಮ್ಮ ತಕರಾರು.

ಪಂಪೂ ಬದಲಾಗಿದೆ. ಕೈಯಲ್ಲಿ ಜಗ್ಗುವ ಗಟೋರ್ ಪಂಪಿನ ಕಾಲದಲ್ಲಿ ಒತ್ತಡ ಜಗ್ಗುವವನ ರಟ್ಟೆಯಷ್ಟೇ. ಈಗ ಪೆಟ್ರೋಲ್ ಎಂಜಿನ್. ಒತ್ತಡ ಹೆಚ್ಚಿದಂತೆ ಹನಿ ಸಣ್ಣದಾಗುತ್ತದೆ. ಹನಿಯ ಅಡ್ಡಳತೆ ಅರ್ಧವಾದರೆ ಅದೇ ನೀರಿಗೆ ಎಂಟು ಹನಿಗಳಾಗುತ್ತವೆ. ಗೊನೆಯ ಸಂದಿಗೂ ಮದ್ದು ತಲಪುವುದು ಇದರಿಂದಲೇ. ಆದರೆ ಹಾಗೆ ಮಂಜಿನಂತಾದದ್ದು ಬೇಗ ನೆಲಕ್ಕೆ ಬೀಳುವುದಿಲ್ಲ. ಗಾಳಿಯಲ್ಲಿ ನಿಂತು ಮೂಗಿಗೆ ಹೋಗುತ್ತದೆ. ಒಂದು ಮಡಿಕೆ ಬೈರಾಸು ಅದನ್ನು ತಡೆಯುವುದಿಲ್ಲ. ಒದ್ದೆಯಾದ ಬೈರಾಸೆಂದರೆ ಮದ್ದನ್ನು ಮುಖಕ್ಕೇ ಕಟ್ಟಿಕೊಂಡ ಹಾಗೆ. ಆದ್ದರಿಂದ ಪಂಪನ್ನು ಕೊಟ್ಟಿಗೆಯೊಳಗೋ ಶೆಡ್ಡಿನೊಳಗೋ ಚಾಲೂ ಮಾಡಿ ತೊಳೆಯುವುದೇ ಬೇಡ. ಬಯಲಲ್ಲಿ, ಗಾಳಿಗೆ ಬೆನ್ನು ಹಾಕಿ, ರಬ್ಬರ್ ಕೈಗವಸು, ಕನ್ನಡಕ, ಮದ್ದಿನ ಕೆಲಸಕ್ಕೆಂದೇ ಸಿಗುವ ಮಾಸ್ಕ್ ಹಾಕಿಯೇ ತೊಳೆಯಬೇಕು. ಬಿಡುವಾಗ ಹಾಕಿದ್ದನ್ನು ತೊಳೆಯುವಾಗ ಬಿಚ್ಚಿಡುವುದು ನಮ್ಮಲ್ಲಿ ಸಾಮಾನ್ಯ. ಕೆಲಸ ಮುಗಿಯಿತು ಎಂಬ ಭಾವನೆ ಅದು, ಆದರೆ ಮುಗಿದಿರುವುದಿಲ್ಲ.

ಪೈಪಿನೊಳಗೆ ಎಷ್ಟು ಮದ್ದು ಉಳಿದಿರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿದೆವು. ಎಂಟೂವರೆ ಮಿಲ್ಲಿಮೀಟರ್ ಒಳಗಾತ್ರದ ಪೈಪು, ನೂರು ಮೀಟರ್ ಉದ್ದ. ಐದೂವರೆ ಲೀಟರಿಗೂ ಮಿಗಿಲು! ಎಂಜಿನ್ ನಿಲ್ಲಿಸಿ ಪೈಪು ಸುತ್ತಿ ಅಟ್ಟಕ್ಕೆ ಹಾಕಿದೆವೆಂದರೆ ಸಣ್ಣ ಕೊಡದಷ್ಟು ಮದ್ದನ್ನು ಮನೆಯೊಳಗೆ ಇಟ್ಟ ಹಾಗಾಯಿತು. ಮೈಲುತುತ್ತಿನ ಪಾಕವಾದರೆ ಅದು ಅಲ್ಲೇ ಗಸಿ ಕಟ್ಟಿ ಮುಂದಿನ ಸಲ ನೋಝಲಿಗೆ ಬಂದು ಕೂರುತ್ತದೆ. ಬಾಯಿಯಲ್ಲಿ ಊದುವ ಪ್ರಸಂಗ ಹುಟ್ಟುವುದೇ ಹೀಗೆ. ಮೊದಲ ದಿನ ತೊಳೆಯದ ಪೈಪು ಎರಡನೇ ದಿನ ಬಾಯಿಗೆ ಬರುತ್ತದೆ.

ತೊಳೆಯುವ ಕ್ರಮದಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಎಂಜಿನ್ ನಿಲ್ಲಿಸಿದ ಮೇಲೂ ಪೈಪಿನಲ್ಲಿ ಒತ್ತಡ ಇರುತ್ತದೆ, ಮೊದಲು ಗನ್ ತೆರೆದು ಅದನ್ನು ಇಳಿಸಿಕೊಳ್ಳಿ. ಹಾಗೆ ಮಾಡದೆ ಜಾಯಿಂಟ್ ಬಿಚ್ಚಿದರೆ ಮದ್ದು ನೇರ ಕಣ್ಣಿಗೆ ಹಾರುತ್ತದೆ. ಬಳಿಕ ಬೇರೊಂದು ಡ್ರಮ್ಮಿನ ಒಳ್ಳೆಯ ನೀರು ಎಳೆಸಿ ಮೂರು ಸಲ. ಒಂದೇ ಸಲಕ್ಕೆ ರಾಶಿ ನೀರು ಸುರಿಯುವುದಕ್ಕಿಂತ ಅದೇ ನೀರನ್ನು ಮೂರು ಪಾಲು ಮಾಡುವುದು ಲೇಸು. ಡ್ರಮ್ಮಿನ ತಳದಲ್ಲಿ ಎರಡು ಲೀಟರ್ ಉಳಿದಿದೆ ಎಂದುಕೊಳ್ಳಿ, ಹದಿನೆಂಟು ಲೀಟರ್ ನೀರು ಸೇರಿಸಿ ಕಲಸಿ ಮತ್ತೆ ಎರಡೇ ಲೀಟರ್ ಉಳಿಯುವಷ್ಟು ಖಾಲಿ ಮಾಡಿದರೆ ಮದ್ದಿನ ಖಾರ ಹತ್ತರಲ್ಲಿ ಒಂದಾಗುತ್ತದೆ. ಎರಡನೇ ಸಲಕ್ಕೆ ನೂರರಲ್ಲಿ ಒಂದು, ಮೂರನೇ ಸಲಕ್ಕೆ ಸಾವಿರದಲ್ಲಿ ಒಂದು.

ಆ ನೀರನ್ನು ತೋಡಿಗಲ್ಲ, ತೋಟಕ್ಕೇ ಬಿಡಬೇಕು. ಕೊನೆಯಲ್ಲಿ ಹತ್ತಿಪ್ಪತ್ತು ಮರ ಉಳಿಸಿಕೊಂಡು ಅವಕ್ಕೆ ಬಿಟ್ಟರಾಯಿತು. ಬಾವಿ, ತೋಡು, ಕಣಿಯಿಂದ ದೂರದ ಮರಗಳಾಗಲಿ. ತೊಡಿಕಾನದ ದೇವರ ಮೀನುಗಳಿಗೆ ಕೈಮುಗಿದು ಬರುವ ನಾವು, ಮೇಲಿನ ತೋಡಿನಲ್ಲಿ ಪಂಪು ತೊಳೆದರೆ ಆ ನೀರು ಕೆಳಗೆ ಯಾವ ಹೊಳೆಗೆ ಸೇರುತ್ತದೆ ಎಂದು ಯೋಚಿಸುವುದಿಲ್ಲ.

ನೋಝಲಿಗೆ ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ತಂತಿ, ಸೂಜಿ ಹಾಕಿದರೆ ತೂತು ದೊಡ್ಡದಾಗಿ ಮದ್ದು ಮಂಜಾಗದೆ ಸುರಿಯುತ್ತದೆ. ಸುಣ್ಣ ಗಟ್ಟಿಯಾಗಿದ್ದರೆ ಹುಣಸೆ ಹುಳಿಯ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಪಾತ್ರೆ ಮಾತ್ರ ಅಡಿಗೆ ಮನೆಯದ್ದು ಬೇಡ. ನೀರೆಳೆಯುವ ಬುಡದ ಜಾಲರಿ, ವಾಷರ್, ಪಂಪಿನ ಎಣ್ಣೆ, ಪೈಪಿನ ಬಿರುಕು ನೋಡಿಕೊಳ್ಳುವುದು ಮೆಕ್ಯಾನಿಕ್ ಕೆಲಸ ಎಂದು ಬಿಡುವಂತಿಲ್ಲ. ಬಿರುಕು ಬಿಟ್ಟ ಪೈಪು ಒಡೆಯುವುದು ಮದ್ದು ತುಂಬಿ ಒತ್ತಡದಲ್ಲಿ ಇರುವಾಗಲೇ. ಕಳೆನಾಶಕಕ್ಕೆ ಬೇರೆಯೇ ಪಂಪು ಇಟ್ಟು ಕೆಂಪು ಬಣ್ಣ ಬಳಿದಿಡಿ. ಅದರ ಉಳಿಕೆ ಕಾಳುಮೆಣಸಿನ ಬಳ್ಳಿಗೆ ಬಿದ್ದರೆ ನಷ್ಟ ನಿಮ್ಮದೇ. ಕಾರ್ಬನ್ ಫೈಬರ್ ದೋಟಿ ಇದ್ದವರಿಗೆ ಇನ್ನೊಂದು ಮಾತು, ಅದರಲ್ಲಿ ಕರೆಂಟು ಹರಿಯುತ್ತದೆ. ತೊಳೆದು ಉದ್ದ ಮಾಡಿ ಒಣಗಿಸುವಾಗಲೂ ತಲೆಯೆತ್ತಿ ತಂತಿ ನೋಡಿ.

ಇಷ್ಟೆಲ್ಲ ಯಾರಿಗೂ ಗೊತ್ತಿಲ್ಲವೆಂದಲ್ಲ. ಮದ್ದು ಬಿಡುವವರಿಗೆ ಡ್ರಮ್ಮಿನ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆಗಳಲ್ಲಿ, ತೊಳೆಯುವುದಕ್ಕೆ ಡ್ರಮ್ಮಿಲ್ಲ. ಆರು ಗಂಟೆಗೆ ಮಳೆ ಹನಿಯುತ್ತಿರುವಾಗ, ನಾಳೆ ಇನ್ನೊಬ್ಬರ ತೋಟ ಕಾದಿರುವಾಗ, ಬಿಟ್ಟಿ ಕೆಲಸಕ್ಕೆ ಒಂದು ಗಂಟೆ ಯಾರು ಕೊಡುತ್ತಾರೆ? “ಪಂಪು ಅವರದ್ದೇ, ತೊಳೆದುಕೊಳ್ಳಲಿ” ಎನ್ನುವ ತೋಟದ ಧಣಿಗಳನ್ನು ನಾವು ಕಂಡಿದ್ದೇವೆ. ಪಂಪು ಅವರದ್ದಾದರೂ ಅದರೊಳಗೆ ಉಳಿದ ಮದ್ದು ನಿಮ್ಮದು, ತೋಡೂ ನಿಮ್ಮದು.

ಕಾನೂನು ಇಲ್ಲದೆ ಏನಿಲ್ಲ. 1971ರ ಕೀಟನಾಶಕ ನಿಯಮಗಳಲ್ಲಿ ಕೆಲಸಗಾರರಿಗೆ ರಕ್ಷಣಾ ಉಡುಪಿನ ಮಾತಿದೆ, ಖಾಲಿ ಡಬ್ಬಿ ಮತ್ತು ತೊಳೆದ ನೀರು ಜಲಮೂಲಕ್ಕೆ ಸೇರದಂತೆ ನೋಡಿಕೊಳ್ಳುವ ಮಾತೂ ಇದೆ. ಅದು ತೋಟದ ತನಕ ಬಂದದ್ದನ್ನು ನಾವು ಕಂಡಿಲ್ಲ. ವಿಟ್ಲದ ಸಿಪಿಸಿಆರ್‌ಐಯಲ್ಲಿ ದೋಟಿಯ ತರಬೇತಿ ನಡೆಯುತ್ತದೆ, ಒಳ್ಳೆಯದು. ಅಂಥ ತರಬೇತಿಯ ಕೊನೆಯ ಒಂದು ಗಂಟೆ ತೊಳೆಯುವುದಕ್ಕೇ ಮೀಸಲಾಗಬೇಕು, ಅದಕ್ಕೆ ಒಗೆಯುವ ಕಲ್ಲಿನ ಬಳಿ ನಿಲ್ಲುವ ಹೆಂಗಸರನ್ನೂ ಕರೆಯಬೇಕು.

ಕಾಣದ ಮದ್ದು ಏನು ಮಾಡುತ್ತದೆ ಎಂದು ಬೇರೆ ಊರಿನವರಿಗೆ ವಿವರಿಸಬೇಕು, ನಮಗೆ ಬೇಡ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಕೊಯಿಲ, ಕೊಕ್ಕಡ ಇನ್ನೂ ಹೊತ್ತುಕೊಂಡಿವೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಅಡಿಕೆಯ ಮದ್ದು ಎಂಡೋಸಲ್ಫಾನ್ ಅಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು. ಆದರೆ “ಏನೂ ಆಗುವುದಿಲ್ಲ” ಎಂಬ ಮಾತನ್ನು ಈ ಮಣ್ಣಿನಲ್ಲಿ ಒಮ್ಮೆ ಕೇಳಿಯಾಗಿದೆ.

ಎರಡನೇ ಸುತ್ತಿನ ಮದ್ದಿಗೆ ನಲ್ವತ್ತು, ನಲ್ವತ್ತೈದು ದಿನ ಇರುತ್ತದೆ. ಕೈಗವಸು, ಕನ್ನಡಕ, ಒಂದು ಸಾಬೂನು, ತೊಳೆಯಲು ಬೇರೆ ಡ್ರಮ್ಮು ತೋಟದವರೇ ತಂದಿಡಲಿ. ಮದ್ದಿನ ಬಟ್ಟೆಗೆ ಬೇರೆ ಬಕೆಟ್ ಇರಲಿ, ಅದನ್ನು ಒಗೆಯುವವರ ಕೈಗೂ ಒಂದು ಜೊತೆ ಗವಸು. ಸಂಜೆ ಡ್ರಮ್ಮಿನ ಲೆಕ್ಕ ಬರೆಯುವ ಚೀಟಿಯಲ್ಲಿ, ಒಟ್ಟು ಹಾಕುವ ಮೊದಲು, ಇನ್ನೊಂದು ಸಾಲು: ಪಂಪು ತೊಳೆದದ್ದು, ಒಂದು ಗಂಟೆ.