ಕೆರೆಯ ಏರಿಯೂ ನೀರುಹಾವೂ

ಕೆರೆ ತುಂಬಿದಾಗ ಏರಿಯ ಮೇಲೂ ಗದ್ದೆಯ ಬದುಗಳಲ್ಲಿಯೂ ಹಾವುಗಳು ಕಾಣಿಸಿಕೊಳ್ಳುವುದು ದೊಡ್ಡಬೆಳವಂಗಲದ ಕಡೆಯ ರೈತರಿಗೆ ಹೊಸತಲ್ಲ. ೨೦೨೨ರ ಮಳೆಗಾಲದಲ್ಲಿ ಬೆಂಗಳೂರು ಸೀಮೆಯ ಅನೇಕ ಕೆರೆಗಳು ಕೋಡಿ ಬಿದ್ದವು. ಇಂತಹ ವರ್ಷಗಳಲ್ಲಿ ಕಣ್ಣಿಗೆ ಬಿದ್ದ ಹಾವನ್ನೆಲ್ಲಾ ಬಡಿದು ಕೊಲ್ಲುವ ರೂಢಿಯುಂಟು. ಈ ರೂಢಿಯನ್ನು ಬಿಡತಕ್ಕದ್ದೆಂಬುದು ನನ್ನ ಅಭಿಪ್ರಾಯ.

ಒಳ್ಳೆಹಾವೆಂದು ನಮ್ಮವರು ಕರೆಯುವ ನೀರುಹಾವಿಗೆ ವಿಷವಿಲ್ಲ. ಮೀನು ಕಪ್ಪೆಗಳೇ ಅದರ ಮುಖ್ಯಾಹಾರ. ಕೆಲವೊಮ್ಮೆ ಇಲಿಯನ್ನೂ ಹಿಡಿಯುವುದು. ಕೆಣಕಿದರೆ ಕತ್ತನ್ನು ಚಪ್ಪಟೆ ಮಾಡಿ ತಲೆಯೆತ್ತುವುದರಿಂದ, ಜನರು ನಾಗರಹಾವೆಂದು ಭ್ರಮಿಸಿ ಅದನ್ನು ಕೊಲ್ಲುವರು.

ಇದು ನೀರಿನಲ್ಲಿ ಸಂಚರಿಸಿದರೂ ಉಸಿರಾಡುವುದು ಶ್ವಾಸಕೋಶದಿಂದಲೇ. ಆದುದರಿಂದ ಪ್ರವಾಹದ ನೀರು ಬಿಲಕ್ಕೆ ನುಗ್ಗಿದರೆ, ಈಜಿ ಹೊರಬಂದು ಏರಿ, ಪೊದೆ, ಕಲ್ಲುಗುಡ್ಡೆಗಳನ್ನು ಆಶ್ರಯಿಸುವುದು. ಅದು ನಮ್ಮ ಮೇಲೆ ಬೀಳಲು ಬಂದುದಲ್ಲ, ನೆಲೆಯನ್ನು ಅರಸಿ ಬಂದುದು.

ಚಳಿಗಾಲದ ಸ್ಥಿತಿ ಬೇರೆ. ಹಾವಿನ ಮೈಶಾಖವು ಹೊರಗಿನ ಶಾಖವನ್ನು ಅವಲಂಬಿಸಿರುವುದು. ಶೀತದೇಶಗಳ ನೀರುಹಾವುಗಳು ತಿಂಗಳುಗಟ್ಟಲೆ ನೆಲದೊಳಗೆ ಜಡವಾಗಿರುತ್ತವೆ. ನಮ್ಮಲ್ಲಿ ಅಷ್ಟು ದೀರ್ಘವಾದ ನಿದ್ರೆಯ ಅಗತ್ಯವಿಲ್ಲ. ಪುಷ್ಯಮಾಸದ ಮುಂಜಾನೆ ಬಿಲದಲ್ಲಿ ಮಂಕಾಗಿದ್ದು, ಬಿಸಿಲೇರಿದ ಮೇಲೆ ಹೊರಬಂದು ಮೈ ಕಾಯಿಸಿಕೊಳ್ಳುವುದು. ಚಳಿಯಲ್ಲಿ ಜೀರ್ಣಶಕ್ತಿ ಕುಗ್ಗುವುದರಿಂದ ಅಲ್ಪಾಹಾರವೇ ಸಾಕು.

ಹಾಗೆಂದು ಏರಿಯಲ್ಲಿ ಬಿಲಗಳನ್ನು ಉಳಿಸತಕ್ಕದ್ದೆಂದು ನಾನು ಹೇಳುವುದಿಲ್ಲ. ಇಲಿಯೂ ಏಡಿಯೂ ತೋಡಿದ ರಂಧ್ರದಿಂದ ನೀರು ಜಿನುಗಿ ಏರಿಯೇ ಒಡೆಯಬಹುದು, ಅವನ್ನು ಮುಚ್ಚಲೇಬೇಕು. ಆದರೆ ಚಳಿಗಾಲದಲ್ಲಿ ಈ ಕೆಲಸವನ್ನು ಬಿಸಿಲೇರಿದ ಮೇಲೆ ಪ್ರಾರಂಭಿಸಿದರೆ, ಹಾವುಗಳು ತಾವಾಗಿಯೇ ಸರಿದುಹೋಗಲು ಅವಕಾಶವಾಗುವುದು. ಏರಿಯಿಂದ ದೂರವಾಗಿ, ಜನಸಂಚಾರವಿಲ್ಲದ ಎತ್ತರದ ಅಂಚಿನಲ್ಲಿ ಕಲ್ಲುಗುಡ್ಡೆಯನ್ನೂ ಬೇಲಿಯನ್ನೂ ಹಾಗೆಯೇ ಉಳಿಸಿದರೆ ಏರಿಯೂ ಭದ್ರ, ಪ್ರಾಣಿಗೂ ಆಶ್ರಯ.

ಮೀನು ಸಾಕುವವರಿಗೆ ಇದರಿಂದ ಕೊಂಚ ನಷ್ಟವುಂಟೆಂಬ ಮಾತು ನಿಜ. ಆದರೂ ಇದಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆಯೆಂಬುದನ್ನು ಮರೆಯಲಾಗದು.

ಇನ್ನೊಂದು ಮುಖ್ಯ ಎಚ್ಚರಿಕೆ. ಪ್ರವಾಹದಲ್ಲಿ ನಾಗರ, ಮಂಡಲದ ಹಾವುಗಳೂ ನೆಲೆ ತಪ್ಪುವುವು. ಗುರುತು ತಿಳಿಯದ ಯಾವ ಹಾವನ್ನೂ ಕೈಯಿಂದ ಮುಟ್ಟಕೂಡದು, ಕೋಲಿನಿಂದ ಕೆಣಕಲೂ ಕೂಡದು. ಕಚ್ಚಿದರೆ ಕಟ್ಟು ಬಿಗಿದು, ಗಾಯ ಕೊಯ್ದು ಕಾಲಹರಣ ಮಾಡದೆ, ವಿಷನಿವಾರಕ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯತಕ್ಕದ್ದು. ಬಡಿಯಲು ಹತ್ತಿರ ಹೋಗುವವನಿಗಿಂತ ದೂರ ಸರಿದು ದಾರಿ ಬಿಡುವ ರೈತನೇ ಕ್ಷೇಮವಾಗಿ ಮನೆ ಸೇರುವನು.